ಬೆಟ್ಟ ಇಳಿಯದ ಮಗ

ಏಳನೇ ತರಗತಿಯ ಮಕ್ಕಳು ಅವಳಿಗೆ ಇಟ್ಟ ಹೆಸರು ‘ಎರಡು ಪೆನ್ನಿನ ಟೀಚರ್’. ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಬೈಬಲ್, ಊಟದ ನಂತರ ಭಾಷೆ, ಎರಡನ್ನೂ ಅವಳೇ ಕಲಿಸಬೇಕಿತ್ತು. ಮಕ್ಕಳಿಂದ ಒಂದೇ ಬರಹ ಬರೆಸಿ ಅದನ್ನು ಎರಡು ಸಲ ತಿದ್ದುತ್ತಿದ್ದಳು. ಕೆಂಪು ಪೆನ್ನು ಭಾಷೆಗೆ, ನೀಲಿ ಪೆನ್ನು ಬೈಬಲ್ಲಿಗೆ. ಕೆಂಪು ಪೆನ್ನು ಹಿಡಿದಾಗ ಬೈಬಲ್ಲಿನ ತಪ್ಪು ಕಣ್ಣಿಗೆ ರಾಚಿದರೂ ಮುಟ್ಟುತ್ತಿರಲಿಲ್ಲ, ನೀಲಿ ಹಿಡಿದಾಗ ವಾಕ್ಯ ಕುಂಟಿದರೂ ಸುಮ್ಮನಿರುತ್ತಿದ್ದಳು. ಈ ಕಟ್ಟುನಿಟ್ಟಿನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಅವಳು ಇನ್ನೂ ತಾತ್ಕಾಲಿಕ ಶಿಕ್ಷಕಿ. ಗಂಡ ತೀರಿಕೊಂಡ ಮೇಲೆ ಅತ್ತೆಯ ಜೊತೆ ಶಾಲೆಯ ಹಿಂಬದಿಯ ಕ್ವಾರ್ಟರ್ಸಿನಲ್ಲಿದ್ದಳು. ಈ ವರ್ಷ ಕೆಲಸ ಕಾಯಂ ಆಗದಿದ್ದರೆ ಕೆಲಸದ ಜೊತೆಗೆ ಮನೆಯೂ ಹೋಗುತ್ತಿತ್ತು. ಕಾಯಂ ಮಾಡುವವರು ಆಡಳಿತ ಸಮಿತಿಯವರು. ಆದರೆ ಸಮಿತಿ ತಲೆದೂಗುವುದು ಪ್ರಾಂಶುಪಾಲರು ತಲೆದೂಗಿದ ಮೇಲೆ ಎಂಬುದು ಶಾಲೆಯ ಜಾಡಮಾಲಿಗೂ ಗೊತ್ತಿತ್ತು.

ಪ್ರಾಂಶುಪಾಲರನ್ನು ಮಕ್ಕಳು ‘ಆಮೆನ್ ಸರ್’ ಎನ್ನುತ್ತಿದ್ದರು. ಪ್ರಾರ್ಥನೆಗಷ್ಟೇ ಅಲ್ಲ, “ನಲ್ಲಿ ಸರಿಯಾಗಿ ನಿಲ್ಲಿಸಿ” ಎಂದು ಹೇಳಿದ ಮೇಲೂ ಅವರು ಆಮೆನ್ ಎನ್ನುತ್ತಿದ್ದರು. ಆಮೇಲೆ ಯಾರೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ. ಅವರು ಶಾಲೆಗೆ ತಂದ ಇನ್ನೊಂದು ಪದ್ಧತಿಯಿತ್ತು. ಏಟು ತಿಂದ ಮಗು ಕೈ ಮಡಚಿಕೊಂಡು ಹೋಗಿ ಕೂರುವ ಹಾಗಿಲ್ಲ. ಹೊಡೆದವರ ಕಣ್ಣಲ್ಲಿ ಕಣ್ಣಿಟ್ಟು “ತಿದ್ದಿದ್ದಕ್ಕೆ ವಂದನೆ” ಎನ್ನಬೇಕು. ದನಿ ಸಣ್ಣದಾದರೆ ಎರಡನೇ ಸಲ ಹೇಳಬೇಕು. ಟೀಚರ್ ಯಾರಿಗೂ ಬೆತ್ತ ಎತ್ತಿದವಳಲ್ಲ. ಆದರೂ ಬರಹ ತಿದ್ದಿ ಕೊಟ್ಟಾಗ ಮಕ್ಕಳು ಅದನ್ನೇ ಹೇಳುತ್ತಿದ್ದರು, ಅವಳೂ ಬೇಡ ಎನ್ನುತ್ತಿರಲಿಲ್ಲ. ಅದೊಂದು ಮಾತು ಅಷ್ಟೇ ಎಂದುಕೊಂಡಿದ್ದಳು.

ಆಮೆನ್ ಸರ್ ಅವರ ಒಬ್ಬಳೇ ಮಗಳು ಅವಳ ತರಗತಿಯಲ್ಲೇ ಇದ್ದಳು. ಮಾತಾಡಿದರೆ ಪಕ್ಕದವರಿಗೂ ಕೇಳುವುದಿಲ್ಲ, ಹಾಗಾಗಿ ಎಲ್ಲರ ಬಾಯಲ್ಲೂ ‘ಪಿಸು’. ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ.

ಆ ವಾರ ಟೀಚರ್ ಕೊಟ್ಟ ಕೆಲಸ ಹೀಗಿತ್ತು: ಬೈಬಲ್ಲಿನ ಯಾವುದಾದರೂ ಕಥೆಯಲ್ಲಿ ಬಾಯಿ ಮುಚ್ಚಿಕೊಂಡಿರುವ ಒಬ್ಬರನ್ನು ಆರಿಸಿ, ಅವರಾಗಿ ಬರೆಯಿರಿ.

“ಆದ್ರೆ ಒಂದು ನಿಯಮ. ಅಲ್ಲಿ ಬರೆದಿರೋದನ್ನ ಬದಲಾಯಿಸೋ ಹಾಗಿಲ್ಲ. ಬರೆಯದೆ ಬಿಟ್ಟಿದ್ದಾರಲ್ಲ, ಅದಷ್ಟೂ ನಿಮ್ದು. ಅಲ್ಲಿ ನೀವೇ ರಾಜರು.”

ಮಕ್ಕಳು ಕುಣಿದಾಡಿದರು. ಯೋನನನ್ನು ನುಂಗಿದ ಮೀನಾಗಿ ಒಬ್ಬ ಅಜೀರ್ಣದ ವರ್ಣನೆಗೆ ಕೂತ. ನೋಹನ ಹೆಂಡತಿಯಾದವಳೊಬ್ಬಳು ಪ್ರಾಣಿಗಳನ್ನು ತುಂಬಿದ ನಾವೆಯ ಸಗಣಿ ಬಾಚುವವರು ಯಾರು ಎಂದು ಗಂಡನ ಜೊತೆ ಜಗಳ ತೆಗೆದಳು. ಪಿಸು ಮಾತ್ರ ಬೈಬಲ್ ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು.

“ಟೀಚರ್, ಇಸಾಕ ಬೆಟ್ಟ ಇಳಿದು ಬಂದ್ನಾ?”

ದೇವರು ಮಗನನ್ನು ಬಲಿ ಕೊಡು ಎಂದಾಗ ಅಬ್ರಹಾಮ ಮಗ ಇಸಾಕನನ್ನು ಬೆಟ್ಟಕ್ಕೆ ಕರೆದೊಯ್ದ ಕಥೆ ಅದು. ಕಟ್ಟಿಗೆಯ ಮೇಲೆ ಕಟ್ಟಿಹಾಕಿ ಕತ್ತಿ ಎತ್ತಿದಾಗ ದೇವದೂತ ತಡೆದ, ಮಗನ ಬದಲು ಟಗರು ಬಲಿಯಾಯಿತು.

“ಬಂದಿರ್ತಾನಲ್ಲಮ್ಮ.”

“ಬರೆದಿಲ್ಲ. ಅಪ್ಪ ಆಳುಗಳ ಹತ್ರ ವಾಪಸ್ ಬಂದ ಅಂತಷ್ಟೇ ಇದೆ. ಮಗ ಬಂದ ಅಂತ ಇಲ್ಲ.”

ಟೀಚರ್ ಪುಟ ತೆಗೆದು ನೋಡಿದಳು. ಇಷ್ಟು ವರ್ಷ ಕಲಿಸಿದ ಕಥೆ. ಹುಡುಗಿ ಹೇಳಿದ್ದು ನಿಜವಾಗಿತ್ತು.

“ಹಾಗಾದ್ರೆ ಅದು ನಂದಾ?”

“ನಿಂದೇ.”

“ಯಾರಿಗೂ ಓದಿ ಹೇಳಲ್ಲ ತಾನೇ?”

“ನನ್ನ ಎರಡು ಪೆನ್ನು ಬಿಟ್ರೆ ಯಾರೂ ನೋಡಲ್ಲ ಕಣಮ್ಮ.”

ಅಂದು ಸಂಜೆ ಕ್ವಾರ್ಟರ್ಸಿನ ಬಾಗಿಲಲ್ಲಿ ಕೂತು ಅತ್ತೆ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಟೀಚರ್ ತಿದ್ದುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ ಪೆನ್ನು ಕೆಳಗಿಟ್ಟಳು. “ಅತ್ತೆ, ಇದನ್ನ ಕೇಳಿ” ಎಂದು ಗಟ್ಟಿಯಾಗಿ ಓದಿದಳು.

‘ಅಪ್ಪ ಕತ್ತಿ ಒರೆಸಿ ಒಳಗಿಟ್ಟರು. ನನ್ನ ಹಗ್ಗ ಬಿಚ್ಚಿದರು. ಬಿಸಾಡಲಿಲ್ಲ. ಮೊಣಕೈಗೆ ಸುತ್ತಿ ಸುತ್ತಿ ಸುರುಳಿ ಮಾಡಿ ಚೀಲಕ್ಕೆ ಹಾಕಿಕೊಂಡರು. ಇನ್ನೊಮ್ಮೆ ಬೇಕಾಗುತ್ತದೆ ಎಂದು ನನಗೆ ಗೊತ್ತಾಯಿತು. ವಂದನೆ ಹೇಳು ಅಂದರು. ಹೇಳಿದೆ. ಕೇಳಿಸಲಿಲ್ಲ ಅಂದರು. ಮತ್ತೆ ಹೇಳಿದೆ. ಅಪ್ಪ ಇಳಿದು ಹೋದರು. ಕೆಳಗೆ ಎಲ್ಲರೂ ಅವರ ಕಾಲು ಮುಟ್ಟುತ್ತಿದ್ದರು. ನಾನು ಬಂಡೆಯ ಹಿಂದೆ ಕೂತೆ. ನಿಲ್ಲಿಸು ಎಂದು ಕೂಗಿದ ದೇವದೂತ ಆಗಲೇ ಹೊರಟುಹೋಗಿದ್ದ. ಅವನು ಬೆಟ್ಟಕ್ಕೆ ಮಾತ್ರ ಬರುತ್ತಾನೆ. ಮನೆಗೆ ಬರುವುದಿಲ್ಲ.’

ಅತ್ತೆಯ ಸೂಜಿ ನಿಂತಿತ್ತು. “ಯಾರ ಮಗು?”

“ಪ್ರಾಂಶುಪಾಲರದ್ದು.”

“ಹಾಗಾದ್ರೆ ಮಡಚಿ ಒಳಗಿಡು. ಈ ಮಗು ಹೊಟ್ಟೇಲಿ ಏನೋ ಇಟ್ಕೊಂಡಿದೆ.”

“ಬುಧವಾರ ಪ್ರದರ್ಶನ ಪಾಠ ಇದೆ ಅತ್ತೆ. ಸಮಿತಿಯವರೆಲ್ಲ ಬರ್ತಾರೆ. ಮೀನಿನ ಅಜೀರ್ಣ ಓದಿದ್ರೆ ನಕ್ಕು ಎದ್ದು ಹೋಗ್ತಾರೆ. ಇದನ್ನ ಓದಿದ್ರೆ...”

“ಓದಿದ್ರೆ ಏನು, ನಿಂಗೆ ಕಿರೀಟ ಇಡ್ತಾರಾ?”

“ಹೆಸರು ಹೇಳಲ್ಲ. ಇಸಾಕ ಮಾತಾಡ್ತಿದ್ದಾನೆ, ಅವಳಲ್ಲ. ಯಾರಿಗೆ ಗೊತ್ತಾಗುತ್ತೆ?”

“ಕಟ್ಟಿದವನಿಗೆ ಗೊತ್ತಾಗಲ್ವೇನೇ?” ಎಂದು ಅತ್ತೆ ಹಲ್ಲಿನಿಂದ ದಾರ ಕಡಿದರು.

ಸೊಸೆ ಹಾಳೆಯನ್ನು ಮತ್ತೆ ಮುಂದಕ್ಕೆಳೆದುಕೊಂಡಳು. ಹುಡುಗಿಯ ಅಂಗಿಯ ಉದ್ದ ತೋಳು ಅವಳ ಕಣ್ಣಿಗೂ ಬಿದ್ದಿತ್ತು. ಆದರೆ ನೋಡಿದ್ದಕ್ಕೆಲ್ಲ ಅರ್ಥ ಕಟ್ಟಬಾರದು, ಪುರಾವೆ ಬೇಕು ಎನ್ನುವುದು ಅವಳ ಸ್ವಭಾವ. ಪುರಾವೆ ಹುಡುಕಲು ಹೋಗದಿರುವುದೂ ಆ ಸ್ವಭಾವದೊಳಗೇ ಸೇರಿಕೊಂಡಿತ್ತು. ಪುಟದ ಕೆಳಗೆ ಕೆಂಪಿನಲ್ಲಿ ‘ಅತ್ಯುತ್ತಮ’ ಎಂದು ಬರೆದಳು. ನೀಲಿ ಪೆನ್ನಿನ ಮುಚ್ಚಳ ತೆಗೆದವಳು ಸ್ವಲ್ಪ ಹೊತ್ತು ಯೋಚಿಸಿ ಮತ್ತೆ ಮುಚ್ಚಿದಳು.

ಬುಧವಾರ ತರಗತಿಯ ಹಿಂದಿನ ಬೆಂಚುಗಳಲ್ಲಿ ಸಮಿತಿಯವರು ಮೊಣಕಾಲು ಎದೆಗೆ ತಾಗುವಂತೆ ಮುದುರಿ ಕೂತಿದ್ದರು. ಕಿಟಕಿಯ ಪಕ್ಕ ಆಮೆನ್ ಸರ್. ಪಾಠ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಸಾಗಿತು. ನೋಹನ ಹೆಂಡತಿಯ ಜಗಳಕ್ಕೆ ಸಮಿತಿಯ ಹೆಂಗಸೊಬ್ಬರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಟೀಚರ್, “ಈಗ ಒಂದು ಬೇರೆ ರೀತಿಯ ಬರಹ” ಎಂದು ಹಾಳೆ ತೆಗೆದಳು.

ಮೂರನೇ ಬೆಂಚಿನಲ್ಲಿ ಪಿಸು ತಲೆ ಎತ್ತಿದಳು. ಟೀಚರ್ ಅತ್ತ ನೋಡಲಿಲ್ಲ. ಚೆನ್ನಾಗಿ ಓದಿದಳು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಳು, ತನ್ನ ದನಿಯನ್ನು ತಾನೇ ಸವಿದಳು. ‘ವಂದನೆ ಹೇಳು ಅಂದರು’ ಎಂಬಲ್ಲಿ ಮಕ್ಕಳ ತಲೆಗಳು ಒಂದೊಂದಾಗಿ ಕಿಟಕಿಯ ಕಡೆ ತಿರುಗಿದವು. ಅವಳಿಗೆ ಆಗಷ್ಟೇ ಅರಿವಾಯಿತು: ಮನೆಯಲ್ಲಿ ಓದಿದಾಗ ಬರೀ ಚಂದ ಕಂಡಿದ್ದ ಆ ಸಾಲು ಇಡೀ ಶಾಲೆಗೆ ಬಾಯಿಪಾಠವಾಗಿದ್ದ ಮಾತಾಗಿತ್ತು. ಆದರೆ ನಿಲ್ಲಿಸಲು ಬರಲಿಲ್ಲ. ಕೊನೆಯವರೆಗೆ ಓದಿದಳು.

ಆಮೆನ್ ಸರ್ ಮುಗುಳ್ನಗುತ್ತಿದ್ದರು.

“ಭಾಷೆ ಚೆನ್ನಾಗಿದೆ ಟೀಚರ್. ಬರೆದಿದ್ದು ಯಾರು?”

‘ಮಾದರಿಗೆ ಅಂತ ನಾನೇ ಬರೆದೆ ಸರ್.’ ಆ ವಾಕ್ಯ ಅವಳ ನಾಲಿಗೆಯ ತುದಿಗೇ ಬಂದು ಕೂತಿತ್ತು. ಹೇಳಿದರೆ ಹುಡುಗಿ ಉಳಿಯುತ್ತಾಳೆ, ಕೆಲಸ ಹೋಗುತ್ತದೆ. ಹಿಂದಿನ ಬೆಂಚಿನಲ್ಲಿ ಆ ಹೆಂಗಸು ಪೆನ್ನು ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದರು.

“ಅದು... ಹಳೆಯ ಬರಹ ಸರ್. ತಪ್ಪಿಗೆ ಉದಾಹರಣೆ ಅಂತ ಓದಿದ್ದು. ಭಾಷೆ ಚೆನ್ನಾಗಿದ್ದ ಮಾತ್ರಕ್ಕೆ ಬೈಬಲ್ ಸರಿಯಾಗಿರಬೇಕು ಅಂತೇನಿಲ್ಲ ಅಂತ ಮಕ್ಕಳಿಗೆ ತೋರಿಸೋಕೆ.”

“ಓಹೋ. ಹಾಗಾದ್ರೆ ಮಕ್ಕಳೇ ಹುಡುಕಲಿ. ಕಂಡವರು ಕೈ ಎತ್ತಿ.”

ಕೈಗಳು ಚಟಚಟನೆ ಮೇಲೆದ್ದವು. ಸಮಿತಿಯವರೆದುರು ಜಾಣರೆನಿಸಿಕೊಳ್ಳುವ ಅವಕಾಶವನ್ನು ಯಾವ ಮಗು ಬಿಡುತ್ತದೆ?

“ಟೀಚರ್, ಇಸಾಕ ಅಪ್ಪನ ಮಾತಿಗೆ ಎದುರಾಡಲ್ಲ. ಇವನು ಮನಸ್ಸಲ್ಲೇ ಎದುರಾಡ್ತಿದ್ದಾನೆ.”

“ಟೀಚರ್, ದೇವದೂತರು ಮನೆಗೂ ಬರ್ತಾರೆ. ಅಬ್ರಹಾಮನ ಮನೆಗೇ ಬಂದು ಊಟ ಮಾಡಿದ್ರಲ್ಲ!”

“ಇವನು ಕೃತಘ್ನ ಟೀಚರ್.”

“ಇವನ್ನ ಬಿಟ್ಟು ಟಗರನ್ನ ಯಾಕೆ ಕೊಂದ್ರೋ!” ಎಂದು ಮೀನಿನ ಹುಡುಗ ಅಂದ. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿಂದೆ ಸಮಿತಿಯವರೂ ನಕ್ಕರು. ಟೀಚರ್ ಪ್ರತಿ ತಪ್ಪನ್ನೂ ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ದುಂಡಗೆ ಬರೆಯುತ್ತಾ ಹೋದಳು.

ತಿರುಗಿ ನೋಡಿದಾಗ ಎಲ್ಲರ ಕೈಯೂ ಮೇಲಿತ್ತು, ಒಂದನ್ನು ಬಿಟ್ಟು. ಆಮೆನ್ ಸರ್ ಕೂಡ ಆ ಒಂದು ಕಡೆಗೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದೂ ನಿಧಾನವಾಗಿ ಎದ್ದಿತು. ಅಂಗಿಯ ತೋಳು ಮೊಣಕೈವರೆಗೆ ಜಾರಿತು. ಮಣಿಕಟ್ಟಿನ ಸುತ್ತ ಬಳೆಯಂತೆ ಕಂದು ಗೆರೆ, ಅದರ ಪಕ್ಕದಲ್ಲಿ ಇನ್ನೂ ಹಸಿಯಾಗಿದ್ದ ಮತ್ತೊಂದು. ಟೀಚರ್‌ಗೆ ಬೇಕಿದ್ದ ಪುರಾವೆ ಕಣ್ಣೆದುರಿಗೇ ಇತ್ತು.

“ಹೇಳು ಮಗಳೇ,” ಎಂದರು ಆಮೆನ್ ಸರ್.

ಪಿಸು ಎದ್ದು ನಿಂತು ಏನೋ ಅಂದಳು.

“ಕೇಳಿಸಲಿಲ್ಲ.”

“ಹಗ್ಗ ಸುಳ್ಳು. ಕಟ್ಟಿದ ಅಂತ ಮಾತ್ರ ಇದೆ. ಹಗ್ಗ ಅಂತ ಬೈಬಲ್‌ನಲ್ಲಿ ಎಲ್ಲೂ ಇಲ್ಲ.” ಅವಳು ನೋಡುತ್ತಿದ್ದುದು ಅಪ್ಪನನ್ನಲ್ಲ, ಟೀಚರನ್ನು. ಬರೆಯದೆ ಬಿಟ್ಟದ್ದು ನಮ್ಮದು ಎಂದು ಹೇಳಿಕೊಟ್ಟವಳು ಈಗಲಾದರೂ ಬಾಯಿ ಬಿಡುತ್ತಾಳೇನೋ ಎಂದು ಕಾಯುತ್ತಾ ನಿಂತೇ ಇದ್ದಳು.

“ಸರಿಯಾಗಿ ಹೇಳ್ದೆ. ಕೂತ್ಕೋ,” ಎಂದು ಟೀಚರ್ ಹಲಗೆಯತ್ತ ತಿರುಗಿ ಎಲ್ಲದರ ಕೆಳಗೆ ‘ಹಗ್ಗ ಇಲ್ಲ’ ಎಂದು ಬರೆದಳು.

“ಆಮೆನ್,” ಎಂದರು ಪ್ರಾಂಶುಪಾಲರು.

ಮಕ್ಕಳು ಹೊರಗೆ ಹೋದ ಮೇಲೆ ಸಮಿತಿಯ ಹೆಂಗಸು ಅವಳ ಕೈ ಕುಲುಕಿ, “ತಪ್ಪನ್ನೇ ಪಾಠ ಮಾಡೋದು ಸುಲಭ ಅಲ್ಲ ಕಣ್ರೀ. ನಮಗೆ ಇಂಥವರೇ ಬೇಕು” ಎಂದರು. ಆಮೆನ್ ಸರ್ ಬಾಗಿಲ ಹತ್ತಿರ ನಿಂತು ಕೈ ಚಾಚಿದರು. “ಆ ಹಾಳೆ ಕೊಡಿ ಟೀಚರ್.” ಅವಳು ಕೊಟ್ಟಳು. ಕೊಡುವಾಗಷ್ಟೇ ಅದು ಮಗುವಿನ ಅಕ್ಷರದಲ್ಲಿದೆ, ತಾನು ನಕಲು ಮಾಡಿಕೊಂಡಿರಲಿಲ್ಲ ಎಂಬುದು ಹೊಳೆಯಿತು. ಅವರು ಅದನ್ನು ಅಚ್ಚುಕಟ್ಟಾಗಿ ಮಡಚಿ ಜೇಬಿಗೆ ಹಾಕಿಕೊಂಡರು. “ಕ್ವಾರ್ಟರ್ಸಿಗೆ ಸುಣ್ಣ ಬಣ್ಣ ಆಗಿಲ್ಲ ಅಲ್ವಾ? ಮಾಡಿಸೋಣ. ಇನ್ನು ನೀವು ನಮ್ಮವರೇ.”

ಮನೆಯಲ್ಲಿ ಅತ್ತೆ ಕೆಲಸ ಉಳಿದ ಸುದ್ದಿ ಕೇಳಿ ಕಿರೀಟದ ಮಾತೆತ್ತಲಿಲ್ಲ. “ಮಗು?” ಎಂದಷ್ಟೇ ಕೇಳಿದರು. ಸೊಸೆ ಬಚ್ಚಲಿಗೆ ಹೋಗಿ ಬೆರಳ ಸಂದಿಯ ಸೀಮೆಸುಣ್ಣ ತೊಳೆಯುತ್ತಾ ನಿಂತಳು.

ಮರುದಿನ ಪಿಸು ಬರಲಿಲ್ಲ, ಜ್ವರ ಎಂದು ಆಮೆನ್ ಸರ್ ಹೇಳಿದರು. ಮುಂದಿನ ವಾರ ಬಂದಳು. ಬಲಗೈ ಅಂಗಿಯ ತೋಳಿನೊಳಗೆ ಸೇರಿಕೊಂಡಿತ್ತು, ಬೆರಳ ತುದಿಯೂ ಕಾಣುತ್ತಿರಲಿಲ್ಲ. ಊಟದ ನಂತರದ ಪೀರಿಯಡ್ಡಿನಲ್ಲಿ ಮೇಜಿನ ಹತ್ತಿರ ಬಂದು ಎಡಗೈಯಲ್ಲಿ ಒಂದು ಹಾಳೆ ಇಟ್ಟಳು.

“ಮತ್ತೆ ಬರ್ಕೊಂಡು ಬಂದಿದ್ದೀನಿ ಟೀಚರ್.”

ಅಕ್ಷರಗಳು ಎಡಕ್ಕೆ ವಾಲಿದ್ದವು, ಒಂದನೇ ತರಗತಿಯ ಮಗು ಗೀಚಿದಂತೆ ದೊಡ್ಡದಾಗಿ. ಅಪ್ಪ ಮತ್ತು ಇಸಾಕ ಕೈ ಕೈ ಹಿಡಿದು ಬೆಟ್ಟ ಇಳಿದು ಬರುತ್ತಾರೆ. ದೇವದೂತ ಜೊತೆಗೇ ಮನೆಗೆ ಬಂದು ಊಟಕ್ಕೆ ಕೂರುತ್ತಾನೆ. ಹಗ್ಗ ಎಲ್ಲೂ ಇರಲಿಲ್ಲ. ಟೀಚರ್ ಕೆಂಪು ಪೆನ್ನು ಹಿಡಿದು ಓದಿದಳು, ನೀಲಿ ಹಿಡಿದು ಓದಿದಳು. ಎರಡಕ್ಕೂ ಕೆಲಸವಿರಲಿಲ್ಲ.

“ಕೈಗೆ ಏನಾಯ್ತಮ್ಮ?”

“ಮೆಟ್ಟಿಲ ಮೇಲೆ ಬಿದ್ದೆ.”

ಟೀಚರ್ ಕೆಳಗಡೆ ಪೂರ್ತಿ ಅಂಕ ಬರೆದು ಹಾಳೆ ಹಿಂದಿರುಗಿಸಿದಳು. ಪಿಸು ಹೋಗಲಿಲ್ಲ. ನೆಟ್ಟಗೆ ನಿಂತು ಅವಳ ಕಣ್ಣಲ್ಲಿ ಕಣ್ಣಿಟ್ಟಳು.

“ತಿದ್ದಿದ್ದಕ್ಕೆ ವಂದನೆ ಟೀಚರ್!”

ಹಿಂದಿನ ಬೆಂಚಿನವರೂ ಬೆಚ್ಚಿ ತಲೆ ಎತ್ತಿದರು. ಆ ಹುಡುಗಿಯ ದನಿಯನ್ನು ಅವರು ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. ಎರಡನೇ ಸಲ ಹೇಳಿಸುವ ಅಗತ್ಯವೇ ಬೀಳಲಿಲ್ಲ.