ಆತ್ಮಕ್ಕೆ ಹಸಿವಿಲ್ಲ

ಫಾದರ್ ಸಿಪ್ರಿಯನ್ ಪವಿತ್ರ ನೀರು ಚಿಮುಕಿಸಲು ಕೈ ಎತ್ತಿದ್ದರು, ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಮುದುಕನೊಬ್ಬ ಜನರ ನಡುವೆ ದಾರಿ ಮಾಡಿಕೊಂಡು ಶವದ ತಲೆಯ ಹತ್ತಿರ ಬಂದ. ಅವನ ಕೈಯಲ್ಲಿ ಒಂದು ಚೊಂಬು ನೀರು, ಅದರೊಳಗೆ ತುಳಸಿಯ ಎಲೆ. ತಾನು ಪಂಜದ ಕೂಸಪ್ಪ, ಸತ್ತವಳ ಅಣ್ಣ ಎಂದು ಹೇಳಿಕೊಂಡು, ತಂಗಿಯ ಬಾಯಿಗೆ ಒಂದು ಹನಿ ನೀರು ಬಿಡಬಹುದೇ ಎಂದು ಕೇಳಿದ.

ಪ್ರಾರ್ಥನೆ ನಿಂತಿತು. ಕಾಣಿಯೂರಿನ ಆ ಸಣ್ಣ ಮನೆಯ ಜಗಲಿಯಲ್ಲಿ ಸೇರಿದ್ದ ಇಗರ್ಜಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಲನಾ ಮಂಡಳಿಯ ಉಪಾಧ್ಯಕ್ಷ ಹಿಲರಿ ಗಂಟಲು ಸರಿಮಾಡಿಕೊಂಡು ಫಾದರ್ ಕಡೆ ನೋಡಿದ. ಆ ನೋಟ ಏನು ಕೇಳುತ್ತಿದೆ ಎಂದು ಅವರಿಗೆ ಗೊತ್ತಿತ್ತು. ಹಿಂದೊಮ್ಮೆ ಅದು ಕೇಳಿದ್ದನ್ನು ಅವರು ಕೊಟ್ಟೂ ಇದ್ದರು.

“ಆಗಬಹುದು ಕೂಸಪ್ಪಣ್ಣ,” ಎಂದರು ಫಾದರ್. “ನಿಮ್ಮ ತಂಗಿ ಅಲ್ವಾ.”

ಕೂಸಪ್ಪ ಎಲೆಯನ್ನು ಅದ್ದಿ ತಂಗಿಯ ತುಟಿಗೆ ಮುಟ್ಟಿಸಿದ. ನೀರು ಒಳಗೆ ಹೋಗದೆ ಗಲ್ಲದ ಮೇಲಿಂದ ಇಳಿದು, ಕೈಗೆ ಸುತ್ತಿದ್ದ ಜಪಸರದ ಮೇಲೆ ಬಿತ್ತು. ಗಂಡ ಇನಾಸ್ ಬಗ್ಗಿ ತನ್ನ ಕರ್ಚೀಫಿನಿಂದ ಗಲ್ಲ ಒರೆಸಿದ. ಮೇಲೆದ್ದವನು ಫಾದರ್ ಮುಖ ನೋಡದೆ, ಅವರಿಗೆ ಮಾತ್ರ ಕೇಳುವ ಹಾಗೆ ಕೊಂಕಣಿಯಲ್ಲಿ ಹೇಳಿದ:

“ಇದಕ್ಕೆ ಆಗುದಾದ್ರೆ ಅದಕ್ಕೂ ಆಗ್ತಿತ್ತಲ್ಲ ಫಾದರ್.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ವಿಚಾರಿಸುವವನ ಧ್ವನಿ ಅದು. ಫಾದರ್ ಸಿಪ್ರಿಯನ್ ನೀರು ಚಿಮುಕಿಸಿದರು. ಹೆಚ್ಚಿನದು ಹೆಣದ ಮೇಲೆ ಬೀಳದೆ ನೆಲದ ಮೇಲೆ ಬಿತ್ತು.

* * *

ಇಗರ್ಜಿಯ ದಾಖಲೆಯಲ್ಲಿ ಅವಳು ದುಲ್ಸಿನ್ ಮೊಂತೆರೊ. ಹುಟ್ಟಿದ್ದು ಪಂಜದ ಕಡೆಯ ಗೌಡರ ಮನೆಯಲ್ಲಿ, ದುಗ್ಗಮ್ಮನಾಗಿ. ಕಟ್ಟಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡಲು ಸರ್ವಿಸ್ ಜೀಪಿನಲ್ಲಿ ಕಾಣಿಯೂರಿಗೆ ಬರುತ್ತಿದ್ದಳು. ಜೀಪು ಓಡಿಸುತ್ತಿದ್ದ ಇನಾಸ್ ಅವಳಿಗೋಸ್ಕರ ಮುಂದಿನ ಸೀಟು ಖಾಲಿ ಇಡತೊಡಗಿದ ಮೇಲೆ ವಿಷಯ ಮನೆಯವರಿಗೆ ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಜ್ಞಾನಸ್ನಾನವಾಯಿತು, ಮದುವೆಯಾಯಿತು, ತವರಿನ ಬಾಗಿಲು ಮುಚ್ಚಿತು. ಕೂಸಪ್ಪನೊಬ್ಬ ಮಾತ್ರ ಅಪ್ಪನ ಕಣ್ಣು ತಪ್ಪಿಸಿ ಆಗೀಗ ಬಂದು ಹೋಗುತ್ತಿದ್ದ. ಕೊಂಕಣಿಯ ಪ್ರಾರ್ಥನೆಗಳನ್ನೆಲ್ಲ ಅವಳು ಬೀಡಿ ಕಟ್ಟುತ್ತಲೇ ಬಾಯಿಪಾಠ ಮಾಡಿದಳು. ಇಗರ್ಜಿಯಲ್ಲಿ ಹುಟ್ಟಿ ಬೆಳೆದ ಹೆಂಗಸರು ಮಧ್ಯದಲ್ಲಿ ಸಾಲು ಮರೆತರೆ ಹಿಂದಿನ ಬೆಂಚಿನಿಂದ ಅವಳ ಸ್ವರ ಮುಂದುವರಿಯುತ್ತಿತ್ತು.

ಒಬ್ಬನೇ ಮಗ ಮೆಲ್ರಾಯ್. ಪುತ್ತೂರಿನಲ್ಲಿ ಐಟಿಐ ಓದುತ್ತಿದ್ದವನು ಗೆಳೆಯರ ಜೊತೆ ಕುಮಾರಧಾರಾ ಹೊಳೆಯಲ್ಲಿ ಈಜಲು ಹೋಗಿ ಮುಳುಗಿಹೋದ. ಎರಡು ದಿನ ಹುಡುಕಿದ ಮೇಲೆ ಸಿಕ್ಕಿದ. ದುಗ್ಗಮ್ಮ ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ: ಮಗ ಬೆಳಿಗ್ಗೆ ತಿಂಡಿ ತಿನ್ನದೆ ಹೋಗಿದ್ದ.

ಸಿಪ್ರಿಯನ್ ಆ ಇಗರ್ಜಿಗೆ ಬಂದದ್ದು ಅದರ ಮರುವರ್ಷ. ರೋಮಿನಲ್ಲಿ ಓದಿದವರು. ಯೆಹೂದ್ಯ ಮೀನುಗಾರರ ಬಾಯಿಂದ ಹೊರಟ ಸುವಾರ್ತೆ ಗ್ರೀಕ್ ಮಾತಾಡುವ ನಗರಗಳಿಗೆ ಹೋಗಿ ಹೇಗೆ ಸಿದ್ಧಾಂತವಾಯಿತು ಎಂಬುದು ಅವರ ಅಧ್ಯಯನದ ವಿಷಯ. ಸೆಮಿನರಿಯಲ್ಲಿ ಅದನ್ನು ಕಲಿಸುವ ಕೆಲಸ ಇಂದೋ ನಾಳೆಯೋ ಸಿಗುವುದರಲ್ಲಿತ್ತು. ಅಷ್ಟರವರೆಗೆ ಸುಮ್ಮನಿರಲಾರದೆ, ಆ ವರ್ಷ ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಒಂದು ಸಂಜೆ ಜನರನ್ನು ಸಭಾಂಗಣದಲ್ಲಿ ಸೇರಿಸಿ ಮಾತಾಡಿದರು.

ಯೇಸುವನ್ನು ದೇವರ ವಾಕ್ಯ ಎನ್ನುತ್ತೇವಲ್ಲ, ಅದರ ಹಿಂದಿರುವ ‘ಲೋಗೋಸ್’ ಎಂಬ ಶಬ್ದವನ್ನು ಗ್ರೀಕ್ ತತ್ತ್ವಜ್ಞಾನಿಗಳು ಮೊದಲೇ ಬಳಸುತ್ತಿದ್ದರು, ಜಗತ್ತನ್ನು ಹಿಡಿದು ನಿಲ್ಲಿಸಿದ ಬುದ್ಧಿಗೆ ಅವರಿಟ್ಟ ಹೆಸರು ಅದು ಎಂದರು. ಸತ್ತವರು ಮೈಸಮೇತ ಎದ್ದು ಬರುತ್ತಾರೆಂಬುದು ಯೆಹೂದ್ಯರ ನಂಬಿಕೆ. ದೇಹವೊಂದು ಸೆರೆಮನೆ, ಆತ್ಮ ಅದನ್ನು ಬಿಟ್ಟು ಹಾರುತ್ತದೆ ಎಂಬುದು ಗ್ರೀಕರ ವಿಚಾರ. ನಮ್ಮ ಹಿರಿಯರು ಎರಡನ್ನೂ ಸೇರಿಸಿ ಹೊಲಿದರು ಎಂದರು. ಧೂಪ, ದೀಪ ಬೇರೆ ದೇವರುಗಳ ಗುಡಿಗಳಲ್ಲಿ ಮೊದಲೇ ಇದ್ದವು. ರೋಮಿನ ಮೊದಲ ಕ್ರೈಸ್ತರು ಅಲ್ಲಿನ ಹಳೆಯ ಪದ್ಧತಿಯನ್ನೇ ಹಿಡಿದು, ಸಮಾಧಿಗಳ ಹತ್ತಿರ ರೊಟ್ಟಿ, ದ್ರಾಕ್ಷಾರಸ ಇಟ್ಟು ಸತ್ತವರ ಜೊತೆ ಉಣ್ಣುತ್ತಿದ್ದರು.

ಹಲವರು ಆಕಳಿಸಿದರು. “ಹಾಗಾದ್ರೆ ನಮ್ಮದೂಂತ ಎಂತ ಉಂಟು ಫಾದರ್?” ಎಂದು ಹಿಲರಿ ಕೇಳಿದ. ಜನ ನಕ್ಕರು. ಹಿಲರಿ ನಗಲಿಲ್ಲ.

ಎಲ್ಲರೂ ಹೋದ ಮೇಲೆ ದುಗ್ಗಮ್ಮ ಬಾಗಿಲಲ್ಲಿ ಕಾದಿದ್ದಳು. ಆ ಊಟ ಇಡುತ್ತಿದ್ದವರು ನಿಜವಾಗಿಯೂ ಕ್ರೈಸ್ತರೇ ಎಂದು ಕೇಳಿದಳು. ಹೌದು, ತುಂಬಾ ಕಾಲ ಇಡುತ್ತಿದ್ದರು ಎಂದರು ಫಾದರ್. ಅಷ್ಟು ಜನರಲ್ಲಿ ಒಬ್ಬಳಾದರೂ ಕಿವಿಗೊಟ್ಟು ಕೇಳಿದಳಲ್ಲ ಎಂದು ಅವರಿಗೆ ಖುಷಿಯಾಗಿತ್ತು.

ಈಸ್ಟರ್ ಕಳೆಯುವಷ್ಟರಲ್ಲಿ ಮೇಲಿನವರಿಗೆ ದೂರು ಹೋಯಿತು. ಹೊಸ ಫಾದರ್ ನಮ್ಮ ಧರ್ಮವೇ ಸಾಲ ತಂದದ್ದು ಎನ್ನುತ್ತಾರೆ ಎಂದು. ಕರೆಸಿದವರು ಗದರಿಸಲಿಲ್ಲ. ಓದಿದ್ದನ್ನೆಲ್ಲ ಬೆಂಚಿನಲ್ಲಿ ಕೂತವರ ಮುಂದೆ ಸುರಿಯಬೇಕಾಗಿಲ್ಲ ಎಂದು ಚಾ ಕುಡಿಸಿ ಹೇಳಿದರು. ಸೆಮಿನರಿಯ ಮಾತನ್ನು ಅವರೂ ಎತ್ತಲಿಲ್ಲ, ಇವರೂ ಕೇಳಲಿಲ್ಲ. ಬಸ್ಸಿನಲ್ಲಿ ಹಿಂದೆ ಬರುವಾಗ ಸಿಪ್ರಿಯನ್ ಆ ಕೆಲಸ ಕೈತಪ್ಪಿತೇ ಎಂದು ಲೆಕ್ಕ ಹಾಕುತ್ತಿದ್ದರು.

ಮಳೆಗಾಲದ ನಡುವಿನ ಆಟಿ ತಿಂಗಳು ಬಂತು. ದುಲ್ಸಿನ್ ಮನೆಯಲ್ಲಿ ಬಾಗಿಲು ಹಾಕಿ ಸತ್ತವರಿಗೆ ಬಡಿಸುತ್ತಿದ್ದಾಳೆ ಎಂದು ಹಿಲರಿ ಬಂದು ಹೇಳಿದ. ಫಾದರ್ ಆಗಲೇ ಹೊರಟರು. ಹಿಲರಿಯೂ ಜೊತೆಗೆ ಬಂದ.

ಒಳಕೋಣೆಯಲ್ಲಿ ಮಗನ ಫೋಟೋದ ಎದುರು ಬಾಳೆಲೆ. ಅನ್ನ, ಹುರುಳಿ ಸಾರು, ಕೆಂಡದಲ್ಲಿ ಸುಟ್ಟ ಒಣ ಬಂಗುಡೆ ಮೀನು, ಪಕ್ಕದಲ್ಲಿ ಒಂದು ಪ್ಯಾಕೆಟು ಚಿಪ್ಸು. ಪ್ಯಾಕೆಟಿನ ಮೂಲೆ ಹರಿದಿಟ್ಟಿದ್ದಳು, ಮಗನಿಗೆ ಸುಲಭವಾಗಲಿ ಎಂಬಂತೆ.

“ಇದು ಎಂತ ದುಲ್ಸಿನ್ ಬಾಯಿ?”

“ಮೆಲ್ರಾಯಿಗೆ, ಫಾದರ್. ನನ್ನ ತಾಯಿ ಮನೆಯಲ್ಲಿ ಆಟಿಯಲ್ಲಿ ಬಡಿಸುದುಂಟು. ಇಲ್ಲಿಗೆ ಬಂದ ಮೇಲೆ ನಾನು ಮಾಡ್ಲಿಲ್ಲ. ನೀವೇ ಹೇಳಿದ್ರಲ್ಲ, ಮೊದಲಿನವರು ಇಡ್ತಿದ್ರು ಅಂತ.”

ಹಿಲರಿ ಬೆನ್ನ ಹಿಂದೆ ನಿಂತಿದ್ದ. ಅವನ ಉಸಿರು ಫಾದರ್ ಕಿವಿಗೆ ಕೇಳುತ್ತಿತ್ತು.

“ಅದು ಬೇರೆ,” ಎಂದರು. ಬಾಗಿಲಾಚೆಗೂ ಕೇಳುವಷ್ಟು ಸ್ವರ ಏರಿಸಿ, ಇದು ಅನ್ಯರ ಆಚಾರ, ಕ್ರೈಸ್ತರ ಮನೆಯಲ್ಲಿ ಇದಕ್ಕೆ ಜಾಗವಿಲ್ಲ, ಪಾಪನಿವೇದನೆ ಮಾಡಿ ಇನ್ನು ಮಾಡುವುದಿಲ್ಲವೆಂದು ಮಾತು ಕೊಡುವವರೆಗೆ ಪರಮಪ್ರಸಾದಕ್ಕೆ ಬರಬಾರದು ಎಂದರು.

ದುಗ್ಗಮ್ಮ ವಾದ ಮಾಡಲಿಲ್ಲ. ಒಂದು ವಿಷಯ ಮಾತ್ರ ಅವಳಿಗೆ ತಿಳಿಯಬೇಕಿತ್ತು.

“ಅವನಿಗೆ ಹಸಿವಾಗುದಿಲ್ವಾ ಫಾದರ್?”

“ಆತ್ಮಕ್ಕೆ ಹಸಿವಿಲ್ಲ.”

“ಅದು ನಿಮಗೆ ಸರಿ ಗೊತ್ತುಂಟಾ?”

“ಗೊತ್ತುಂಟು.”

ಅವಳು ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಂಬಿದಳು. ಕೂತು ಎಲೆಯನ್ನು ತನ್ನ ಕೈಯಿಂದಲೇ ಮಡಚಿದಳು. ಶನಿವಾರ ಎಲ್ಲರಿಗಿಂತ ಮೊದಲು ಇಗರ್ಜಿಗೆ ಬಂದು ಪಾಪನಿವೇದನೆ ಮಾಡಿ ಮಾತು ಕೊಟ್ಟಳು.

* * *

ದುಗ್ಗಮ್ಮ ತೀರಿಕೊಂಡ ಈ ವರ್ಷದ ಆಟಿಯಲ್ಲಿ ಮಳೆ ಕೈಕೊಟ್ಟಿತ್ತು. ಇಗರ್ಜಿಯ ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ಶವಪೆಟ್ಟಿಗೆಯನ್ನು ಒಳಗೆ ಒಯ್ದ ಮೇಲೆ ಫಾದರ್ ಪೂಜೆಯ ಉಡುಪು ಹಾಕಿಕೊಳ್ಳಲು ಪಕ್ಕದ ಬಾಗಿಲಿನಿಂದ ಹೋಗುವಾಗ ನೆರಳಿನಲ್ಲಿ ರುಖಿಯಮ್ಮ ನಿಂತದ್ದನ್ನು ಕಂಡರು. ಇನಾಸನ ಆಚೆ ಮನೆಯ ಬ್ಯಾರಿ ಮುಸ್ಲಿಂ ಹೆಂಗಸು. ದುಗ್ಗಮ್ಮನೂ ಅವಳೂ ಒಟ್ಟಿಗೆ ಕೂತು ಬೀಡಿ ಕಟ್ಟಿಯೇ ಮುದುಕಿಯರಾದವರು.

ಒಳಗೆ ಬಂದು ಕೂತುಕೊಳ್ಳಿ ಎಂದರು ಫಾದರ್. ಅವಳು ಇಲ್ಲಿಯೇ ಸಾಕು ಎಂದಳು. ಸಾವು ಇಷ್ಟು ಅಚಾನಕ್ಕಾಗಿ ಹೇಗಾಯಿತು, ಹೃದಯಾಘಾತವೇ ಎಂದು ಅವರು ವಿಚಾರಿಸಿದರು.

“ಹಾರ್ಟು ಅಂತ ಎಲ್ಲ ಹೇಳ್ತಾರೆ. ನಿನ್ನೆ ಆಟಿ ಅಮಾವಾಸ್ಯೆ ಅಲ್ವಾ. ಆ ದಿನ ದುಗ್ಗಕ್ಕ ಎಂತದೂ ತಿನ್ನುದಿಲ್ಲ. ಮಗನಿಗೆ ಬಡಿಸುದು ಬಿಟ್ಟ ವರ್ಷದಿಂದ ಹಾಗೆಯೇ. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ನುಂಗಿದ್ದು, ಖಾಲಿ ಹೊಟ್ಟೆಗೆ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

“ಹತ್ತು ಗಂಟೆಗೆ ನಾನು ಚಾ, ಬಿಸ್ಕೆಟು ತಕ್ಕೊಂಡು ಹೋದೆ. ‘ಅವನಿಗೆ ಹಸಿವಿಲ್ಲ ಅಂತ ಫಾದರ್ ಹೇಳಿದ್ದಾರೆ, ನನಗೂ ಇಲ್ಲ ರುಖಿಯ’ ಅಂತ ನಗಾಡಿದ್ಲು. ಮತ್ತೆ ಮೈಯೆಲ್ಲ ಬೆವರಿತು, ಎಂತೆಂತದೋ ಮಾತಾಡ್ಲಿಕ್ಕೆ ಶುರು ಮಾಡಿದ್ಲು. ರಿಕ್ಷಾ ಬರುವಾಗ ಬೀಡಿಯ ಮೊರದ ಮೇಲೆಯೇ ಬಿದ್ದಾಗಿತ್ತು.”

ರುಖಿಯಮ್ಮನಿಗೆ ಫಾದರ್ ಮೇಲೆ ದೂರಿರಲಿಲ್ಲ. ಗೆಳತಿಯ ಭಕ್ತಿ ಗುರುಗಳಿಗೆ ತಿಳಿದಿರಲಿ ಎಂದಷ್ಟೇ ಹೇಳಿದ್ದಳು. “ನಿಮ್ಮ ಮಾತಂದ್ರೆ ಅವಳಿಗೆ ಅಷ್ಟು,” ಎಂದು ಸೇರಿಸಿದಳು.

ಪ್ರವಚನಕ್ಕೆ ನಿಂತಾಗ ಫಾದರ್ ಸಿಪ್ರಿಯನ್ ಬರೆದು ತಂದದ್ದನ್ನು ನೋಡಲಾರದಾದರು. ದೇಹದ ಪಂಜರ ಬಿಟ್ಟು ಹಾರಿದ ಆತ್ಮ ಎಂದು ಅದು ಶುರುವಾಗುತ್ತಿತ್ತು. ಎಷ್ಟು ಸಾವುಗಳಲ್ಲಿ ಅದನ್ನು ಓದಿದ್ದರೋ. ಕಾಗದ ಮಡಚಿಟ್ಟು, ಅವರು ಬೇರೆಯೇ ಕತೆ ಹೇಳಿದರು. ಸತ್ತು ಎದ್ದು ಬಂದ ಯೇಸುವನ್ನು ಕಂಡು ಶಿಷ್ಯರು ಭೂತವೆಂದು ಹೆದರಿದಾಗ, ತಿನ್ನಲಿಕ್ಕೆ ಏನಾದರೂ ಇದೆಯೇ ಎಂದು ಅವನು ಕೇಳಿದ. ಅವರು ಒಂದು ತುಂಡು ಸುಟ್ಟ ಮೀನು ಕೊಟ್ಟರು. ಅವರೆದುರೇ ತಿಂದ.

ಸುಟ್ಟ ಮೀನಿನ ಆ ತುಂಡಿನ ಬಗ್ಗೆ ರೋಮಿನಲ್ಲಿ ಅವರು ಇಡೀ ಒಂದು ಅಧ್ಯಾಯ ಬರೆದಿದ್ದರು, ಹೊಗಳಿಸಿಕೊಂಡಿದ್ದರು. ಆ ಒಳಕೋಣೆಯಲ್ಲಿ ಬಾಳೆಲೆಯ ಮೇಲೆ ಅದೇ ಸುಟ್ಟ ಮೀನು ಕಂಡಾಗಲೂ ಅದು ನೆನಪಾಗಿತ್ತು. ಈಗಲ್ಲ, ಆಗಲೇ ನೆನಪಾಗಿತ್ತು. ಅವಳಿಗೆ ಹೇಳಿದ್ದು ಗ್ರೀಕರ ಉತ್ತರ ಎಂದು ಗೊತ್ತಿದ್ದೇ ಹೇಳಿದ್ದರು, ಹಿಲರಿಗೆ ಕೇಳಲಿ ಎಂದು ಹೇಳಿದ್ದರು.

ಮುಂದಿನ ವಾಕ್ಯ ಯಾವುದೆಂದು ಅವರಿಗೆ ಗೊತ್ತಿತ್ತು. ಅದು ನಾಲಿಗೆಯವರೆಗೆ ಬಂತು. ಮೊದಲನೆಯ ಬೆಂಚಿನಲ್ಲಿ ಹಿಲರಿ ಕಣ್ಣು ಕಿರಿದು ಮಾಡಿ ಕೂತಿದ್ದ. ಇನಾಸ್ ಪೆಟ್ಟಿಗೆಯ ಪಕ್ಕದಲ್ಲಿ ತಲೆ ಎತ್ತಿದ.

“ದುಲ್ಸಿನ್ ಬಾಯಿ ವಿಧೇಯ ಹೆಂಗಸಾಗಿದ್ದರು,” ಎಂದು ಹೇಳಿ ಫಾದರ್ ಬಲಿಪೀಠದ ಕಡೆ ತಿರುಗಿದರು.

ಇನಾಸ್ ಮತ್ತೆ ತಲೆ ಬಗ್ಗಿಸಿದ. ಪ್ರವಚನ ಚಿಕ್ಕದಾಗಿ ಚೊಕ್ಕದಾಗಿತ್ತು ಎಂದು ಹೊರಗೆ ಬಂದ ಜನ ಹೇಳಿದರು. ಹೊಂಡದೊಳಗೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಕೂಸಪ್ಪ ಎರಡೂ ಕೈಯಲ್ಲಿ ಹಾಕಿದ.

* * *

ಮಧ್ಯಾಹ್ನ ಕಳೆದ ಮೇಲೆ ಫಾದರ್ ಸಿಪ್ರಿಯನ್ ಒಬ್ಬರೇ ನಡೆದುಕೊಂಡು ಇನಾಸನ ಮನೆಗೆ ಹೋದರು. ಬಾಡಿಗೆ ಕುರ್ಚಿಗಳನ್ನು ಆಗಲೇ ಒಯ್ದಿದ್ದರು. ಇನಾಸ್, ಕೂಸಪ್ಪ ಇಬ್ಬರೇ ಜಗಲಿಯಲ್ಲಿ ಕೂತಿದ್ದರು. ಒಳಗೆ ನೆಂಟರು ಬೇಯಿಸಿಟ್ಟು ಹೋದ ಅಡಿಗೆ ಹಾಗೆಯೇ ಇತ್ತು.

ಫಾದರ್ ಕೂತುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ನಿಂತೇ ಹೇಳಿದರು.

“ಒಂದು ಬಾಳೆಲೆ ಕೊಡಿ ಇನಾಸ್. ತಾಯಿಗೂ ಮಗನಿಗೂ ಬಡಿಸುವ. ನಾನೇ ಬಡಿಸ್ತೇನೆ.”

ಕೂಸಪ್ಪನ ಮುಖ ಅರಳಿತು. ಕತ್ತಿ ಎಲ್ಲಿ ಎಂದು ಕೇಳುತ್ತಾ ಎದ್ದೇಬಿಟ್ಟ.

“ಬೇಡ ಭಾವ,” ಎಂದ ಇನಾಸ್.

ಕೂಸಪ್ಪ ಅಲ್ಲೇ ನಿಂತ. ಇನಾಸ್ ಫಾದರ್ ಕಡೆ ತಿರುಗಿ, ತುಂಬ ಯೋಚಿಸಿದವನ ಹಾಗೆ ನಿಧಾನವಾಗಿ ಹೇಳಿದ.

“ಅವಳು ನಿಮಗೆ ಮಾತು ಕೊಟ್ಟಿದ್ಲು. ಸಾಯುವವರೆಗೆ ನಡೆಸಿದ್ಲು. ಅದನ್ನು ಇವತ್ತು ಮುರಿಯುದು ಬೇಡ.”

“ನಾನು ಅವತ್ತು ಹೇಳಿದ್ದು ಸರಿ ಇರ್ಲಿಲ್ಲ.”

“ಗೊತ್ತಾಯ್ತು. ಬೆಳಿಗ್ಗೆ ಮೀನಿನ ಕತೆ ಹೇಳಿದ್ರಲ್ಲ, ಆಗ ಗೊತ್ತಾಯ್ತು.” ಇನಾಸ್ ಒಳಕೋಣೆಯ ಕಡೆ ನೋಡಿದ. “ಆದ್ರೆ ಈಗ ಬಡಿಸಿದ್ರೆ ಅದು ಅವಳಿಗೆ ಅಲ್ಲ ಫಾದರ್. ನಿಮಗೆ.”

ಸಿಪ್ರಿಯನ್ ಹೊರಟುಹೋಗಲು ಮೆಟ್ಟಿಲ ಕಡೆ ತಿರುಗಿದರು.

“ಬೆಳಿಗ್ಗೆಯಿಂದ ಎಂತಾದ್ರೂ ತಿಂದಿದ್ದೀರಾ?” ಎಂದು ಇನಾಸ್ ಹಿಂದಿನಿಂದ ಕೇಳಿದ.

ಇಲ್ಲ ಎಂದು ಅವರು ತಲೆಯಾಡಿಸಿದರು. ಸುಳ್ಳು ಹೇಳಲು ಆಗಲಿಲ್ಲ.

“ಹಾಗಾದ್ರೆ ಕೂತ್ಕೊಳ್ಳಿ.”

ಇನಾಸ್ ಒಳಗೆ ಹೋಗಿ ಸ್ಟೀಲಿನ ಬಟ್ಟಲಲ್ಲಿ ಕುಚ್ಚಲಕ್ಕಿ ಗಂಜಿ, ಅಂಚಿಗೆ ಒಂದು ಮಿಡಿ ಉಪ್ಪಿನಕಾಯಿ ಹಾಕಿ ತಂದು ಅವರ ಎದುರು ಇಟ್ಟ. ಫಾದರ್ ನೆಲದ ಮೇಲೆ ಕೂತು ನಿಲುವಂಗಿಯ ತೋಳು ಮಡಚಿ ಉಣ್ಣತೊಡಗಿದರು. ಮೊದಲ ತುತ್ತನ್ನು ನೀರು ಕುಡಿದು ಇಳಿಸಿದರು. ಆಮೇಲೆ ನಾಚಿಕೆಯಾಗುವಷ್ಟು ಹಸಿವು ಎದ್ದಿತು. ಬಟ್ಟಲು ಖಾಲಿಯಾಗುತ್ತ ಬಂದಾಗ ಇನಾಸ್ ಕೇಳದೆಯೇ ಇನ್ನೊಂದು ಸೌಟು ಹಾಕಿದ. ಸಾಕು ಎಂದು ಕೈ ಅಡ್ಡ ಹಿಡಿಯಲು ಫಾದರ್‌ಗೆ ಧೈರ್ಯ ಬರಲಿಲ್ಲ. ತಲೆ ತಗ್ಗಿಸಿ ಉಂಡರು. ಇನಾಸ್ ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು, ಸೌಟು ಹಿಡಿದು, ಅವರು ಉಣ್ಣುವುದನ್ನೇ ನೋಡುತ್ತ ಪಕ್ಕದಲ್ಲಿ ನಿಂತಿದ್ದ.