ಎಡಗಿವಿ

ಪ್ರಜ್ಞಳಿಗೆ ಸೌಮ್ಯಶ್ರೀಯನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಲ್ಯಾಬಿನ ಅಟೆಂಡರಿನಿಂದ ಹಿಡಿದು ವ್ಯಾನಿನ ಡ್ರೈವರ್‌ವರೆಗೆ ಎಲ್ಲರಿಗೂ ಗೊತ್ತಿದ್ದ ವಿಷಯ. ಗೊತ್ತಿಲ್ಲದವಳು ಸೌಮ್ಯಶ್ರೀ ಒಬ್ಬಳೇ. ಅವಳಿಗೆ ಗೊತ್ತಿಲ್ಲ ಅನ್ನುವುದೇ ಪ್ರಜ್ಞಳ ಉರಿಗೆ ತುಪ್ಪ ಸುರಿಯುತ್ತಿತ್ತು.

ಇಬ್ಬರೂ ವಿಶ್ವವಿದ್ಯಾಲಯದಲ್ಲಿ ಶ್ರವಣ ವಿಜ್ಞಾನ ಓದುತ್ತ ವಿಜಯೇಂದ್ರ ಸರ್ ಅವರ ಸಂಶೋಧನೆಗೆ ಸಹಾಯಕಿಯರಾಗಿದ್ದರು. ಕಮ್ಮಾರರು, ಬಡಗಿಗಳು, ಅಕ್ಕಸಾಲಿಗರು ದಿನವಿಡೀ ಸುತ್ತಿಗೆ ಸದ್ದಿನಲ್ಲಿ ಇರುತ್ತಾರಲ್ಲ, ಅವರ ಕಿವಿ ಎಷ್ಟು ಮಂದವಾಗಿದೆ ಎಂದು ಊರೂರಿಗೆ ಹೋಗಿ ಅಳೆಯುವುದು ಕೆಲಸ. ಪಾಂಡವಪುರ ಆಯಿತು, ಕಿಕ್ಕೇರಿ ಆಯಿತು, ಉಳಿದದ್ದು ನಾಗಮಂಗಲ. ಅದು ಮುಗಿದರೆ ಹೈದರಾಬಾದಿನಲ್ಲಿ ದೊಡ್ಡ ಸಮ್ಮೇಳನ. ಇಬ್ಬರಲ್ಲಿ ಒಬ್ಬಳು ಅಲ್ಲಿ ವೇದಿಕೆ ಹತ್ತಿ ಮಾತಾಡಬೇಕು. ಆ ಒಬ್ಬಳು ತಾನೇ ಆಗಬೇಕು ಎಂದು ಪ್ರಜ್ಞ ಕಂಡಕಂಡ ದೇವರಿಗೆಲ್ಲ ಕೈ ಮುಗಿದಿದ್ದಳು.

ದೇವರಿಗೇನು ಬರವೇ? ಅವಳದು ಶ್ರೀರಂಗಪಟ್ಟಣದ ದೇವಸ್ಥಾನದಲ್ಲಿ ಸೇವೆ ಮಾಡಿಕೊಂಡು ಬಂದ ಮನೆತನ. ತಾತ ಶಾಮಣ್ಣನವರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸರಳೆ ವರಸೆ ಹೇಳಿಕೊಟ್ಟವರು. 'ನಮ್ಮ ಪ್ರಜ್ಞಂದು ಸಂಗೀತದ ಕಿವಿ' ಅಂತ ಬಂದವರ ಮುಂದೆಲ್ಲ ಹೇಳಿಕೊಂಡವರು. ಅಂಥ ಕಿವಿ ಲ್ಯಾಬಿನಲ್ಲಿ ಎರಡನೆಯದಾಯಿತು. ಮೊದಲನೆಯದು ನಾಗಮಂಗಲದ ಕಮ್ಮಾರ ವೆಂಕಟೇಶಾಚಾರಿಯ ಮಗಳು ಸೌಮ್ಯಶ್ರೀಯದು. ಕುಲುಮೆಯ ಪಕ್ಕದಲ್ಲಿ ಬೆಳೆದವಳಿಗೆ ಇಂಥ ಕಿವಿ ಎಲ್ಲಿಂದ ಬಂತು? ಇರುವೆ ನಡೆದರೂ ಕೇಳಿಸುತ್ತದೇನೋ ಇವಳಿಗೆ ಎಂದು ಸರ್ ತಮಾಷೆ ಮಾಡಿದಾಗೆಲ್ಲ ಪ್ರಜ್ಞ ನಗುತ್ತಿದ್ದಳು. ಹಲ್ಲು ಮಾತ್ರ ನಗುತ್ತಿತ್ತು.

ಸರ್ ಅವರದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಊರವರ ಕಿವಿ ನೋಡುವ ಮೊದಲು ದಿನಾ ಬೆಳಿಗ್ಗೆ ಸಹಾಯಕಿಯರು ಒಬ್ಬರ ಕಿವಿಯನ್ನು ಇನ್ನೊಬ್ಬರು ಪರೀಕ್ಷೆ ಮಾಡಬೇಕು. ಇವರ ಕಿವಿ ಎಷ್ಟು ಮೆಲ್ಲನೆಯ ಸದ್ದು ಕೇಳುತ್ತದೆ ಎಂಬುದು ಮೊದಲೇ ಗೊತ್ತು. ಅಷ್ಟು ಕೇಳಿದರೆ ಮಷೀನು ಸರಿ. ಇಬ್ಬರಿಗೂ ಕೇಳದಿದ್ದರೆ ಮಷೀನು ಕೆಟ್ಟಿದೆ ಎಂದರ್ಥ.

ನಾಗಮಂಗಲದ ಸಮುದಾಯ ಭವನದ ಒಳಕೋಣೆಯಲ್ಲಿ ಅಂದು ಮೊದಲು ಹೆಡ್‌ಫೋನ್ ಹಾಕಿಕೊಂಡವಳು ಪ್ರಜ್ಞ. ಸೌಮ್ಯಶ್ರೀ ಅವಳ ಬೆನ್ನ ಹಿಂದೆ ಮಷೀನಿನ ಮುಂದೆ ಕೂತಳು. ಬಲಗಿವಿ ಸರಿಯಾಗಿ ಮುಗಿಯಿತು. ಎಡಗಿವಿಯ ಸರದಿ ಬಂದಾಗ ಏನೂ ಇಲ್ಲ. ಕಿಟಕಿಯ ಗಾಜಿನಲ್ಲಿ ಸೌಮ್ಯಶ್ರೀಯ ಬೆರಳು ಮಷೀನಿನ ಗುಂಡಿ ಒತ್ತುವುದು ಕಾಣುತ್ತಿದೆ, ಕಿವಿಯಲ್ಲಿ ಮಾತ್ರ ಸದ್ದೇ ಇಲ್ಲ. ನನ್ನ ಕಿವಿ ಹೋಯಿತೇ? ಇವಳೆದುರೇ ಹೋಗಬೇಕಿತ್ತೇ? ಗಾಜಿನಲ್ಲಿ ಬೆರಳು ಅಲುಗಿದಾಗೆಲ್ಲ ಕೇಳಿಸಿದವಳಂತೆ ತನ್ನ ಕೈಯಲ್ಲಿದ್ದ ಸ್ವಿಚ್ಚು ಒತ್ತಿಬಿಟ್ಟಳು.

"ಆಹಾ, ಸಕತ್ ಕಣೆ!" ಎಂದಳು ಸೌಮ್ಯಶ್ರೀ.

ಆಮೇಲೆ ಜಾಗ ಬದಲಾಯಿಸಿದರು. ಕಿಟಕಿಯ ಕಡೆಗೆ ತಿರುಗಿಯೂ ನೋಡದೆ ಸೌಮ್ಯಶ್ರೀ ಕಣ್ಣು ಮುಚ್ಚಿ ಕೂತಳು. ಎಡಗಿವಿಗೆ ಬಂದಾಗ ಅವಳ ಕೈ ಅಲುಗಲಿಲ್ಲ. ಪ್ರಜ್ಞ ಸದ್ದು ಏರಿಸಿದಳು. ಆಗಲೂ ಅಲುಗಲಿಲ್ಲ. ಇನ್ನೂ ಏರಿಸಿದ ಮೇಲೆ ಸೌಮ್ಯಶ್ರೀ ಒಮ್ಮೆ ಒತ್ತಿ, ಗಾಬರಿಯಿಂದ ಕಣ್ಣು ಬಿಟ್ಟಳು.

ಪ್ರಜ್ಞಳಿಗೆ ಮೊದಲು ಆದದ್ದು ಸಂತೋಷ. ಸುಳ್ಳೇಕೆ, ಹಾಲು ಕುಡಿದಷ್ಟು ಸಂತೋಷ. ಅದರ ಹಿಂದೆಯೇ ಬುದ್ಧಿ ಬಂತು: ಒಂದೇ ರಾತ್ರಿಯಲ್ಲಿ ಇಬ್ಬರ ಎಡಗಿವಿ ಹೋಗಲು ಸಾಧ್ಯವೇ? ಹೆಡ್‌ಫೋನಿನ ಎಡಗಡೆಯ ವೈರು ಸಡಿಲವಾಗಿದೆ. ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ಆ ಮಾತು ಹೇಳಿದರೆ, ಕೇಳದಿದ್ದರೂ ನೀನು ಯಾಕೆ ಒತ್ತಿದೆ ಎಂಬ ಪ್ರಶ್ನೆ ಬರುತ್ತದೆ. ಪ್ರಜ್ಞ ಬಾಯಿಗೆ ಬೀಗ ಹಾಕಿಕೊಂಡಳು.

ಸರ್ ಬಂದು ಎರಡೂ ಫಲಿತಾಂಶ ನೋಡಿದರು. "ಪ್ರಜ್ಞಂಗೆ ಪೂರ್ತಿ ಕೇಳಿದೆ, ಅಂದ್ರೆ ಮಷೀನ್ ಸರಿಯಿದೆ. ಸೌಮ್ಯ, ನೆಗಡಿ ಏನಾದ್ರೂ ಆಗಿದ್ಯೇನಮ್ಮ? ನಾಳೆ ಡಾಕ್ಟರಿಗೆ ತೋರಿಸೋಣ. ಇವತ್ತು ಪ್ರಜ್ಞ ಒಬ್ಬಳೇ ಟೆಸ್ಟ್ ಮಾಡಲಿ." ಹೊರಡುವಾಗ, "ಹೈದರಾಬಾದಿಗೂ ನೀನೇ ತಯಾರಿ ಮಾಡ್ಕೋ ಪ್ರಜ್ಞ," ಎಂದೂ ಸೇರಿಸಿದರು.

ಬೇಡಿದ್ದು ಸಿಕ್ಕಿತು.

ಬಂದ ಕಮ್ಮಾರರ, ಬಡಗಿಗಳ ಎಡಗಿವಿಯೆಲ್ಲ ಮಂದ ಎಂದೇ ಮಷೀನು ಹೇಳುತ್ತ ಹೋಯಿತು. ಸುತ್ತಿಗೆ ಹಿಡಿದವರ ಕಿವಿ ಮಂದವಾಗುವುದು ಸಹಜವಲ್ಲವೇ, ಸರ್ ಅವರಿಗೂ ಅನುಮಾನ ಬರಲಿಲ್ಲ. ಸೌಮ್ಯಶ್ರೀ ಬಾಗಿಲ ಬಳಿ ನಿಂತು ಬಂದವರನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸುತ್ತಿದ್ದಳು. ನಡುನಡುವೆ ಯಾರಿಗೂ ಕಾಣದ ಹಾಗೆ ಎಡಗಿವಿಯ ಹತ್ತಿರ ಚಿಟಿಕೆ ಹೊಡೆದು ನೋಡಿಕೊಳ್ಳುವಳು. ಚಿಟಿಕೆ ಕೇಳಿಸುತ್ತಿತ್ತು. ಆದರೂ ನಂಬಿಕೆ ಬರುತ್ತಿರಲಿಲ್ಲ, 'ಮಷೀನಿಗಿಂತ ನಾನು ದೊಡ್ಡವಳೇ?' ಎನ್ನುವ ಹುಡುಗಿ ಅವಳು.

ಮಧ್ಯಾಹ್ನ ಅವಳಪ್ಪ ವೆಂಕಟೇಶಾಚಾರಿ ಬಂದರು. ಪರೀಕ್ಷೆ ಮುಗಿಸಿ ಹೆಡ್‌ಫೋನ್ ತೆಗೆದವರು, ಕಿವಿ ಮಂದವಿದ್ದವರು ಮಾತಾಡುವಂತೆ ದೊಡ್ಡ ದನಿಯಲ್ಲಿ ಶುರು ಮಾಡಿದರು.

"ನೀನೇ ಏನವ್ವ ಪ್ರಜ್ಞ? ನಿಂದು ಸಂಗೀತದ ಕಿವಿ, ನಿಂತಾವ ಕಲೀಬೇಕು ಅಂತ ನನ್ ಮಗಳು ದಿನಾ ಏಳ್ತಾಳೆ."

ಪ್ರಜ್ಞ ಅವರ ಫಲಿತಾಂಶ ಬರೆದುಕೊಳ್ಳತೊಡಗಿದಳು.

"ನನ್ ಕಿವಿ ಓದ್ರೆ ಓಗ್ಲಿ ಬುಡವ್ವ, ಸುತ್ತಿಗೆಗೆ ಕೊಟ್ಟಿದ್ದು. ನನ್ ಮಗಳಿಗೆ ಬೆಳಿಗ್ಗೆ ಕೇಳುಸ್ಲಿಲ್ಲವಂತೆ. ಅತ್ಕೊಂಡು ಫೋನ್ ಮಾಡುದ್ಲು. ನಂದೇನಾರ ಅದುಕ್ಕೆ ಅಂಟ್ಕೊಂತಾ? ನಿಜ ಏಳ್ಬುಡವ್ವ, ತಡ್ಕತೀನಿ."

ಬಾಗಿಲಲ್ಲಿ ಸೌಮ್ಯಶ್ರೀ ದುಪಟ್ಟಾದ ಅಂಚಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಅವಳ ಹಿಂದೆ ಸರ್ ನಿಂತಿದ್ದರು. ಪ್ರಜ್ಞಳಿಗೆ ಅಳುವೂ ಬಂತು, ಸಿಟ್ಟೂ ಬಂತು. ನನ್ನನ್ನು ಮನೆಯಲ್ಲಿ ಹೊಗಳು ಅಂತ ಇವಳಿಗೆ ಯಾರು ಹೇಳಿದ್ದರು?

"ಹೆಡ್‌ಫೋನ್ ಕೆಟ್ಟಿದೆ," ಎಂದುಬಿಟ್ಟಳು. "ಬೆಳಿಗ್ಗೆ ನಂಗೂ ಏನೂ ಕೇಳಿಸ್ಲಿಲ್ಲ. ಗಾಜಲ್ಲಿ ಸೌಮ್ಯನ ಬೆರಳು ನೋಡ್ಕೊಂಡು ಒತ್ತಿದ್ದೆ."

ಸರ್ ಹೆಡ್‌ಫೋನ್ ತೆಗೆದುಕೊಂಡು ತಮ್ಮ ಕಿವಿಗೇ ಹಾಕಿ ನೋಡಿದರು, ವೈರು ಅಲ್ಲಾಡಿಸಿದರು, ಕೆಳಗಿಟ್ಟರು. "ಬಂದವರನ್ನೆಲ್ಲ ಮತ್ತೆ ಕರೀಬೇಕು," ಎಂದರು. ಪ್ರಜ್ಞಳ ಕಡೆ ತಿರುಗಿ, "ನೀನು ವ್ಯಾನಲ್ಲಿ ಕೂತಿರಮ್ಮ," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಹೈದರಾಬಾದು ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಸೌಮ್ಯಶ್ರೀ ಓಡಿ ಬಂದಳು. ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡು ಪ್ರಜ್ಞ ಕಣ್ಣು ಮುಚ್ಚಿದಳು. ಬಾರಿಸಿದ್ದರೆ ಲೆಕ್ಕ ಸರಿಹೋಗುತ್ತಿತ್ತು.

"ಅಂಗಾರೆ ನನ್ ಕಿವಿ ಚೆನ್ನಾಗೈತಾ?" ಸೌಮ್ಯಶ್ರೀ ಅವಳನ್ನು ಬಾಚಿ ತಬ್ಬಿಕೊಂಡಳು. "ಅಪ್ಪೋ, ನಂಗೇನೂ ಆಗಿಲ್ಲ ಕಣಪ್ಪೋ! ಸದ್ಯ, ಏಳ್ಬುಟ್ಯಲ್ಲ ಕಣೆ, ಬದುಕುಸ್ದೆ ನನ್ನ!"

ಅವಳು ನಗುತ್ತಿದ್ದಳು, ಅಳುತ್ತಿದ್ದಳು. ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಆ ತೋಳುಗಳ ನಡುವೆ ಪ್ರಜ್ಞ ಕೊರಡಿನ ಹಾಗೆ ನಿಂತಿದ್ದಳು. ತಾನು ಅವಳ ಜಾಗದಲ್ಲಿದ್ದಿದ್ದರೆ ಹೀಗೆ ತಬ್ಬಿಕೊಳ್ಳಲು ಏಳು ಜನ್ಮಕ್ಕೂ ಆಗುತ್ತಿರಲಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಿವಿಯ ಮೇಲಿನ ಹೊಟ್ಟೆಕಿಚ್ಚು ಆರಿತ್ತು. ಈಗ ಆ ಮನಸ್ಸಿನ ಮೇಲೆ ಹತ್ತಿಕೊಂಡಿದ್ದು ಅದಕ್ಕಿಂತ ದೊಡ್ಡದು.