ಬರಿಗಾಲಿಗೆ ಒಪ್ಪುವ ನೆಲ

ಎರಡು ಸಾವಿರದ ಆರರಲ್ಲಿ ಮೆಲ್ಬರ್ನಿನ ವೆರಿಬೀಯಲ್ಲಿ ಹೊಸ ಮನೆ ಕಟ್ಟಿಸಿದ ಮೇಲೆ ಧಾರವಾಡದ ಶಂಭುಲಿಂಗನ ತಲೆ ತಿಂದದ್ದು ಗ್ಯಾರೇಜಿನ ನೆಲ. ಬೇರೆಯವರು ಕಾರು ನಿಲ್ಲಿಸಿ, ಶಟರ್ ಎಳೆದು ಮರೆತುಬಿಡುವ ಜಾಗ. ಇವನಿಗೆ ಮಾತ್ರ ಅದೇ ಮನೆಯ ಹೆಬ್ಬಾಗಿಲು.

ಅದಕ್ಕೆ ಕಾರಣ ಹೆಂಡತಿ ಸಂಧ್ಯಾರಾಣಿ. ಅವಳು ಸಿಡ್ನಿಯ ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ನರ್ಸ್. ಎರಡು ವರ್ಷದಿಂದ ಇವರ ಸಂಸಾರ ಫೋನಿನ ಮೇಲೆ ನಡೆದಿತ್ತು. ಸ್ವಂತ ಮನೆಯಾದ ಮೇಲೆ ಅವಳು ಬಂದೇ ಬರುತ್ತಾಳೆಂದು ಶಂಭುಲಿಂಗ ತನ್ನಷ್ಟಕ್ಕೇ ತೀರ್ಮಾನಿಸಿದ್ದ. ಆಸ್ಪತ್ರೆಯಲ್ಲಿ ತೊಟ್ಟ ಬೂಟು ಮನೆಯೊಳಗೆ ಬರಕೂಡದೆಂಬುದು ಅವಳ ಕಟ್ಟುನಿಟ್ಟು. ಅಂದಮೇಲೆ ಗ್ಯಾರೇಜಿನಲ್ಲೇ ಬಿಚ್ಚಿಟ್ಟು ಬರಿಗಾಲಲ್ಲಿ ಒಳಗೆ ಬರಬೇಕು. ಚಳಿಗಾಲದ ಕಾಂಕ್ರೀಟು ಅವಳ ಒಡೆದ ಹಿಮ್ಮಡಿಗೆ ಎಷ್ಟು ಕೊರೆದೀತು! ನಡೆಯುವುದು ಎಂಟೇ ಹೆಜ್ಜೆ. ಅಷ್ಟಕ್ಕೇ ಈ ಪುಣ್ಯಾತ್ಮ ಆರು ಶನಿವಾರ ಅಂಗಡಿ ಅಲೆದ.

ಕಾಂಕ್ರೀಟಿನ ಮೇಲೆ ಬಳಿಯುವ ಎಪಾಕ್ಸಿ ಬಣ್ಣ ಒರೆಸಲು ಸಲೀಸು, ಆದರೆ ತಣ್ಣಗೆ. ಕಾರ್ಪೆಟ್ಟು ಬೆಚ್ಚಗೆ, ಎಣ್ಣೆ ಸೋರಿದರೆ ಅದರ ಕಥೆ ಮುಗಿಯಿತು. ಕೊನೆಯ ಶನಿವಾರ ಅಂಗಡಿಯಲ್ಲೇ ಸಾಕ್ಸ್ ಕಳಚಿ ಒಂದೊಂದು ಮಾದರಿ ತುಂಡಿನ ಮೇಲೂ ನಿಂತು ನೋಡಿದ.

ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ. “ಟೈರಿಗೆ ಯಾವುದು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಕಾಲಿಗೆ ಅಂತ ಕೇಳಿದವನು ನೀನೊಬ್ಬನೇ,” ಎಂದ.

ಶಂಭುಲಿಂಗ ನಾಚಿಕೊಂಡ. ಆದರೆ ದಪ್ಪ ರಬ್ಬರಿನ ಹಾಸಿನ ಮೇಲೆ ಪಾದ ಇಟ್ಟಾಗ ಇದೇ ಸರಿ ಎನ್ನಿಸಿತು. ಒದ್ದೆಯಾದರೂ ಜಾರದು, ಕೊರೆಯುವುದೂ ಇಲ್ಲ. ಮನೆಗೆ ಬಂದವನೇ ಎಂದಿನಂತೆ ಅವಳಿಗೆ ಫೋನ್ ಹಚ್ಚಿದ.

“ರಬ್ಬರ್ ಛಲೋ ಅದ. ಕಪ್ಪೂ ಅದ, ಬೂದಿ ಬಣ್ಣದ್ದೂ ಅದ. ಯಾವುದು ಆರ್ಡರ್ ಮಾಡ್ಲಿ?”

“ಯಾವುದರೆ ಹಾಕಸ್ರಿ.” ಅವಳು ಮಾತು ಬದಲಿಸಿದಳು. “ನನ್ನ ಇಲ್ಲೇ ವಾರ್ಡಿನ ಇನ್‌ಚಾರ್ಜ್ ಮಾಡ್ಯಾರ. ಮೂರು ವರ್ಷಕ್ಕ. ನಿನ್ನೆ ಒಪ್ಪಂದಕ್ಕ ಸೈನ್ ಮಾಡಿದೆ.”

ಶಂಭುಲಿಂಗ ಕೂತಲ್ಲಿಂದ ಎದ್ದು ನಿಂತ. “ಮತ್ತ ಈ ಮನಿ? ನಿನ್ನ ಸಲುವಾಗಿ ಇಷ್ಟೆಲ್ಲಾ…”

“ಆರು ವಾರದಿಂದ ನೆಲದ್ದೇ ಮಾತು. ‘ನೀ ಇಲ್ಲಿಗೆ ಬರ್ತೀಯೇನು’ ಅಂತ ಒಂದು ಸಲನರೆ ನನ್ನ ಕೇಳೀರೇನು?”

ಕೇಳಿರಲಿಲ್ಲ. ಹೆಂಡತಿ ಬರುವುದು ಕೇಳಬೇಕಾದ ಮಾತೆಂದು ಅವನಿಗೆ ಹೊಳೆದೇ ಇರಲಿಲ್ಲ. ಅಲ್ಲ, ಅದೂ ಪೂರ್ತಿ ನಿಜವಲ್ಲ. ಕೇಳಿದರೆ ಇಲ್ಲ ಎಂದುಬಿಟ್ಟಾಳೆಂಬ ಅಂಜಿಕೆ ಒಳಗೆಲ್ಲೋ ಇತ್ತು. ಅದನ್ನು ಅಂಗಡಿ ಅಲೆದು ಮರೆಸಿಕೊಂಡಿದ್ದ. ನಾಲ್ಕು ಕೋಣೆಯ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ ಕೇಳಿಸುತ್ತಿತ್ತು. ಎರಡು ವರ್ಷ ಒಬ್ಬನೇ ಇದ್ದವನಿಗೆ ತಾನು ಒಬ್ಬಂಟಿ ಎಂದು ಇಷ್ಟು ಜೋರಾಗಿ ಎಂದೂ ಅನ್ನಿಸಿರಲಿಲ್ಲ.

“ಈಗ ಕೇಳ್ತೀನಿ,” ಎಂದ. “ಬರ್ತೀಯೇನ, ಸಂಧ್ಯಾ?”

ಆ ಕಡೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

“ಮೊನ್ನೆ ಕೇಳಿದ್ರೂ ಬರ್ತಿದ್ದೆ,” ಎಂದಳು.